ಬಾಗಿಲಾಚೆಯ ಜೊತೆದನಿ

ತಗಡಿನ ಮೇಲೆ ಮಳೆ ಹೊಡೆಯತೊಡಗಿದಾಗ ಧ್ವನಿಮುದ್ರಣ ನಿಲ್ಲಿಸದೆ ಗತಿಯಿರಲಿಲ್ಲ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಸ್ಟುಡಿಯೋಕ್ಕೆ ಹಳೆಯ ಮಾಲೀಕನ ಮೊಮ್ಮಗ ಬಣ್ಣ ಹೊಡೆಸಿದ್ದ, ಗೋಡೆಗಳಿಗೆ ಹೊಸ ಕಂಬಳಿ ಹೊದಿಸಿದ್ದ, ಹಳೆಯ ಮೈಕನ್ನೇ ರಿಪೇರಿ ಮಾಡಿಸಿ ನಿಲ್ಲಿಸಿದ್ದ. ಚಾವಣಿಯೊಂದನ್ನು ಮಾತ್ರ ಮರೆತಿದ್ದ. ವಾದ್ಯದವರೆಲ್ಲ ಚಹಾದ ಲೋಟ ಹಿಡಿದು ಪಿಟೀಲು ತಾತನ ಸುತ್ತ ಕೂತರು. ಹಾಡುವ ಹುಡುಗಿಯೂ ಕೂತಳು. ದನಿ ತೆಳು ಎಂದು ಊರಿನ ಬೇರೆ ಸ್ಟುಡಿಯೋಗಳೆಲ್ಲ ಅವಳನ್ನು ವಾಪಸು ಕಳಿಸಿದ್ದವು. ಇಲ್ಲೂ ಆಗದಿದ್ದರೆ ಹಾಡುವುದನ್ನೇ ಬಿಡಬೇಕೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಬೆಳಿಗ್ಗೆ ಹಾಡಿ ನೋಡಿದಾಗ ಅವಳ ದನಿ ಅವಳಿಗೇ ಬೆರಗಾಗುವಷ್ಟು ತುಂಬಿಬಂದಿತ್ತು.

"ತುಂಬಿ ಬರದೆ ಏನಮ್ಮ," ಎಂದರು ತಾತ. "ಈ ಜಾಗವೇ ಹಾಗೆ... ನಾನಿಲ್ಲಿಗೆ ಬಂದಾಗ ನನ್ನ ಮೀಸೆ ಮೂಡಲೋ ಬೇಡವೋ ಅಂತ ಯೋಚನೆ ಮಾಡ್ತಿತ್ತು. ಆಗ ಇಡೀ ಮೇಳಕ್ಕೆ ಇದೊಂದೇ ಮೈಕು. ಸಣ್ಣ ದನಿಯೋರು ಹತ್ತಿರ, ಗಟ್ಟಿ ದನಿಯೋರು ದೂರ. ಜೊತೆಗೆ ಹಾಡೋಕೆ ಒಬ್ಬಳಿದ್ದಳು, ಎಲ್ಲರೂ ಅಕ್ಕಾ ಅಂತಿದ್ವಿ. ಹಂಡೆ ತುಂಬಿ ತುಳುಕಿದ ಹಾಗೆ ದನಿ. ಹೆಸರಾಗಿದ್ದ ಗಾಯಕಿಯದು ನೂಲಿನೆಳೆ. ಅದಕ್ಕೆ ಇವಳು ಮೈ ತುಂಬಬೇಕು, ಆದ್ರೆ ಇವಳಿದಾಳೆ ಅಂತ ಯಾರಿಗೂ ಗೊತ್ತಾಗಬಾರದು. 'ಒಂದ್ ಹೆಜ್ಜೆ ಹಿಂದೆ ಹೋಗಮ್ಮ' ಅನ್ನೋನು ಮಾಲೀಕ. ಹೋದಳು. 'ಇನ್ನೊಂದ್ ಹೆಜ್ಜೆ...' ಹೋಗ್ತಾ ಹೋಗ್ತಾ ಕೋಣೆಯೇ ಮುಗೀತು. ಕೊನೆಗೆ ಆ ಜಗಲೀಲಿ ನಿಂತು ತೆರೆದ ಬಾಗಿಲಿಂದ ಹಾಡೋಳು. ರೆಕಾರ್ಡಿನ ಮೇಲೆ ಹೆಸರಾ? ಜಗಲೀಲಿ ನಿಂತೋಳಿಗೆ ಎಲ್ಲಿಯ ಹೆಸರು?"

ತಾತ ಚಹಾ ಗುಟುಕರಿಸಿದರು.

"ಒಂದಿನ ಮೈ ಕೆಂಡದ ಹಾಗೆ ಸುಡ್ತಿದ್ರೂ ಬಂದಳು. ಹೀಗೇ ಮಳೆಗಾಳಿ. ಹಾಡು ಅದೆಷ್ಟು ಚೆನ್ನಾಗಿ ಬಂತು ಅಂದ್ರೆ, ಎಲ್ಲರೂ ಅದನ್ನ ಕೇಳೋಕೆ ಗಾಜಿನ ಕೋಣೆಗೆ ನುಗ್ಗಿದ್ರು. ಹಾಡು ನಿಂತರೂ, ಒಳಗಿಂದ 'ಮುಗೀತು' ಅನ್ನೋವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕು, ಅದು ಇಲ್ಲಿನ ಕ್ರಮ. ಅವಳಿಗೆ ಯಾರೂ ಹೇಳಲೇ ಇಲ್ಲ... ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ನೆನಪಾಗಿ ತೆಗೆದಾಗ ನಿಂತೇ ಇದ್ದಳು, ಚೌಕಟ್ಟಿಗೆ ಒರಗಿ. ಮೈ ತಣ್ಣಗಾಗಿತ್ತು."

ತಾತ ಲೋಟ ಕೆಳಗಿಟ್ಟರು.

"ಆಮೇಲೆ ಇಲ್ಲಿ ಹಾಡಿದೋರ ದನಿಯೆಲ್ಲ ತುಂಬಿಬಂತು. 'ಅಕ್ಕಾ, ಮುಗೀತು' ಅಂದಿದ್ರೆ ಹೋಗ್ತಿದ್ದಳು. ಒಬ್ಬರಾದ್ರೂ ಅಂದ್ರಾ?"

"ನೀವೇ ಅನ್ನಬಹುದಿತ್ತಲ್ಲ ತಾತ," ಎಂದ ತಬಲದವನು.

"ನನ್ನ ಪಿಟೀಲಿಗೆ ಅವಳು ಯಾವತ್ತು ದನಿ ಕೊಟ್ಟಿದ್ಲು? ಯಾರ ಜೊತೆ ಹಾಡಿದ್ಲೋ ಅವರ ಬಾಯಿಂದಲೇ ಬರಬೇಕಪ್ಪ. ಅವರು ಯಾಕೆ ಅಂತಾರೆ? ತಮ್ಮ ದನಿ ಮತ್ತೆ ನೂಲಾಗುತ್ತಲ್ಲ..."

ಮಳೆ ನಿಂತಿತು. ಹುಡುಗಿ ಮೈಕಿನ ಮುಂದೆ ನಿಂತು ಹಾಡಿದಳು. ದನಿ ಹೊಳೆಯಂತೆ ಬಂತು. ಕೊನೆಯ ಸ್ವರ ಅಡಗಿದಾಗ ಬೆನ್ನ ಹಿಂದೆ, ಬಾಗಿಲ ಕಡೆ, ಯಾರೋ ಉಸಿರು ಬಿಗಿಹಿಡಿದಂತಾಯಿತು. 'ಅಕ್ಕಾ' ಎಂಬುದು ಅವಳ ನಾಲಿಗೆಯ ತುದಿಗೆ ಬಂತು.

ಗಾಜಿನ ಕೋಣೆಯಿಂದ ಮೊಮ್ಮಗ ಓಡಿಬಂದ. "ಇನ್ಮೇಲೆ ನೀವೇ ನಮ್ಮ ಗಾಯಕಿ. ಬನ್ನಿ, ಕೇಳಿ ಬನ್ನಿ."

ಅವಳು ಬಾಗಿಲ ಕಡೆ ತಿರುಗದೆ ಅವನ ಹಿಂದೆ ನಡೆದಳು.

ತಾತ ಪಿಟೀಲನ್ನು ಪೆಟ್ಟಿಗೆಗೆ ಇಳಿಸುತ್ತಿದ್ದರು. "ನೀನೂ ಹೇಳಲಿಲ್ಲ ಅಲ್ವಾ ಮಗಳೆ," ಎಂದರು ಮೆಲ್ಲಗೆ. "ಇರ್ಲಿ ಬಿಡು. ಕಾಯೋದು ಅವಳಿಗೆ ರೂಢಿ... ಅವತ್ತು ಹಿಡಿದ ಉಸಿರು, ಇನ್ನೂ ಬಿಟ್ಟಿಲ್ಲ."