ಮುಷ್ಕರದ ದಿನದ ಸುತ್ತಿಗೆಗಳು

“ಮುಷ್ಕರ ಮುರಿದೋನಿಗೂ ಬ್ರೆಡ್ ಬೇಕಂತೆ, ನೋಡ್ರಪ್ಪಾ!”

ಗ್ರೀಸಿನ ಬಂದರು ಊರು ಪೆರಾಮಾದ ಬೇಕರಿ ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಸ್ತಮಾತಿಯಕ್ಕ ಹೇಳಿದಳು. ಅವಳ ಗಂಡ ಹಡಗು ರಿಪೇರಿಯ ವೆಲ್ಡರ್. ಅವಳು ಹೇಳಿದ್ದು ಶಿಲ್ಪಿ ಅನೆಸ್ತಿಸ್‌ಗೆ. ನಮ್ಮ ಕಾರ್ಮಿಕ ಸಂಘದ ಕಚೇರಿಯೆದುರು ಮೋಟಾರಿನಿಂದ ಸುತ್ತಿಗೆ ಬೀಸುವ ಆರು ಕಬ್ಬಿಣದ ಆಳುಗೊಂಬೆಗಳನ್ನು ನಿಲ್ಲಿಸಿದವನು ಅವನೇ.

“ಏನಕ್ಕಾ, ನಾನೇನು ಮಾಡ್ದೆ?”

“ನಿನ್ನೆ ಊರಿಗೂರೇ ಕೈಕಟ್ಟಿ ಕೂತಿತ್ತು. ನಿನ್ನ ಆರು ಜನ ಮಾತ್ರ ಬೆಳಗಿಂದ ದುಡೀತಿದ್ರು!”

“ಅದು ನಿಮ್ಮ ದುಡಿಮೆ ಲೋಕಕ್ಕೆ ಕಾಣ್ಲಿ ಅಂತ ಮಾಡಿದ್ದು.”

“ಕಾಣ್ತಲ್ಲ! ಟಿವಿಯೋರು ಅದನ್ನೇ ತೋರಿಸಿ, ಪೆರಾಮಾದಲ್ಲಿ ಕೆಲಸ ನಡೀತಿದೆ ಅಂದ್ರು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಲಿನಲ್ಲೇ ಇದ್ದ ನನಗೆ ನಗು ಬರಲಿಲ್ಲ, ನಮ್ಮ ಮುಷ್ಕರವನ್ನೇ ಸುಳ್ಳು ಮಾಡಿದನಲ್ಲ ಎಂದು ಮೈ ಉರಿಯಿತು.

“ಸ್ವಿಚ್ ನಾನು ಹಾಕಿಲ್ಲ. ಬೆಳಗಾದ್ರೆ ಅದು ತಾನಾಗೇ ಶುರುವಾಗುತ್ತೆ.”

“ಬಂದು ಆರಿಸಬೇಕಿತ್ತು.”

“ಹೇಗಕ್ಕಾ ಬರ್ಲಿ? ನಾನೂ ಮುಷ್ಕರದಲ್ಲಿದ್ದೆ. ಕೆಲಸದ ಹತ್ರ ಸುಳೀಬಾರದು ಅಂತ ಮನೇಲೇ ಕೂತಿದ್ದೆ.”

ಸ್ತಮಾತಿಯಕ್ಕ ಅವನನ್ನೇ ದಿಟ್ಟಿಸಿದಳು. ಈಗ ಅವಳ ದನಿ ತಗ್ಗಿತ್ತು.

“ಅಯ್ಯೋ ಪೆದ್ದಪ್ಪಾ, ಯಂತ್ರ ಆರಿಸೋದೇ ಅಲ್ವೇನೋ ಮುಷ್ಕರ?”

ಅನೆಸ್ತಿಸ್ ಸಾಲು ಬಿಟ್ಟು, ಬ್ರೆಡ್ ಕೊಳ್ಳದೆ, ತಲೆ ತಗ್ಗಿಸಿ ಹೊರಟೇಹೋದ.