ಘಟ್ಟದ ಹಾದಿಯ ಜೊತೆಗಾರ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಮಳೆ ಸಿಗುವುದು ಅಪರೂಪ. ಈ ಸಲ ಸಿಕ್ಕಿತು. ಹಾರನಹಳ್ಳಿಯಿಂದ ಹೊರಟ ತಂಡ ಹಳೇಬೀಡು, ಬೇಲೂರು ದಾಟಿ, ಕಾಡಿನ ಒಳದಾರಿ ಮುಗಿಸಿ, ಘಟ್ಟದ ಮೇಲಿನ ಶಾಲೆಯೊಂದರ ಜಗಲಿ ಸೇರುವಷ್ಟರಲ್ಲಿ ಕರೆಂಟೂ ಹೋಗಿತ್ತು. ಕೊನೆಗೆ ಬಂದವಳು ಪ್ರತಿಮಾ. ಪಾದದ ತುಂಬ ಬೊಬ್ಬೆ. ನಡೆಯುವ ಹರಕೆ ಹೊತ್ತಿದ್ದವನು ಅವಳ ಗಂಡ ಇಂದ್ರೇಶ್; ತೀರಿಸುವ ಮೊದಲೇ ಹೋಗಿಬಿಟ್ಟ. ತಂಡದವರು ಒಳ್ಳೆಯವರೇ, ಊಟಕ್ಕೆ ಮರೆಯದೆ ಕರೆಯುತ್ತಿದ್ದರು. ಆದರೆ ಗಂಡ ಸತ್ತವಳ ಹತ್ತಿರ ಏನು ಮಾತಾಡುವುದೆಂದು ತೋಚದೆ ದಾರಿಯಲ್ಲಿ ಎಲ್ಲರೂ ಒಂದೊಂದು ಹೆಜ್ಜೆ ಮುಂದಾಗುತ್ತಿದ್ದರು. ಇವತ್ತು ಮಾತ್ರ ಕಾಡಿನಲ್ಲಿ ಬೇರೆ ತಂಡದವರೊಬ್ಬರು ಜೊತೆಯಾಗಿದ್ದರು. ಅದಕ್ಕೇ ಅವಳ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಊಟವಾದ ಮೇಲೆ ತಿಮ್ಮಕ್ಕ ಮೊಣಕಾಲಿಗೆ ಹರಳೆಣ್ಣೆ ತಿಕ್ಕುತ್ತ ಕೂತಳು. ವರ್ಷ ವರ್ಷವೂ ಈ ದಾರಿ ತುಳಿದ ಮುದುಕಿ.

“ಮೊಬೈಲ್ ಚಾರ್ಜು ಮುಗಿದ ಮ್ಯಾಲೆ ನಾನು ನೆಪ್ಪಾದೆ ಅನ್ನಿ. ಕೇಳ್ಕಳಿ ಹಂಗಾದ್ರೆ. ಬಾಣಾವರದಾಗೆ ಚಿದಂಬರ ಅಂತ ಒಬ್ಬ ಇದ್ದ ಕಣ್ರಪ್ಪ. ಕೊಬ್ಬರಿ ಮಂಡೀಲಿ ತೂಕ ಹಾಕೋನು. ಹೆಂಡ್ರಿಲ್ಲ, ಮಕ್ಕಳಿಲ್ಲ, ಮಾತೂ ಕಮ್ಮಿ. ಪಕ್ಕಕ್ಕೆ ಬಂದ್ರೆ ಕೊಬ್ಬರಿ ವಾಸ್ನೆ, ಅಷ್ಟರಿಂದ್ಲೇ ಅವನು ಬಂದ ಅಂತ ಗೊತ್ತಾಗೋದು. ಒಂದು ವರ್ಸ ಅವನೂ ಅವರೂರೋರ ಜೊತೆ ನಡೆಯಾಕೆ ಹೊಂಟ. ಇದೇ ಕಾಡುದಾರಿ... ಕಾಲು ಬೊಬ್ಬೆ ಎದ್ದು ಕುಂತ್ಕಂಡ. ‘ನೀವು ನಡೀರಿ, ನಿಧಾನಕ್ಕೆ ಬತ್ತೀನಿ’ ಅಂದ. ನಡೆಯೋರು, ಅವನು ಸಾಮಾನಿನ ಟೆಂಪೊ ಹತ್ತಿರಬೇಕು ಅಂದ್ಕಂಡ್ರು. ಟೆಂಪೊದೋರು, ನಡೆಯೋರ ಜೊತೆ ಅವ್ನೆ ಅಂದ್ಕಂಡ್ರು. ಯಾಕೆ ಹೇಳಿ? ಬ್ಯಾಗು ಟೆಂಪೊದಾಗೆ ಇತ್ತಲ್ಲ. ಬ್ಯಾಗ್ ಇದ್ದ ಮ್ಯಾಲೆ ಮನುಷ್ಯ ಎಲ್ಲೋ ಇರ್ತಾನೆ ಅಂತ ಎಲ್ರೂ ಸುಮ್ಕಾದ್ರು. ಧರ್ಮಸ್ಥಳದಾಗೆ ಅವರವರ ಬ್ಯಾಗು ಅವರವರು ಇಳಿಸ್ಕಂಡಾಗ ಒಂದು ಉಳೀತು ನೋಡಿ... ಆವಾಗ ಹುಡುಕಿದ್ರು. ಮರದ ಬುಡಕ್ಕೆ ಒರಗಿ, ದಾರಿ ಕಡೆ ಮುಖ ಮಾಡ್ಕಂಡು ಕುಂತಿದ್ದ. ಯಾರಾನ ಬತ್ತಾರೆ ಅಂತ ನೋಡ್ತಾ ನೋಡ್ತಾನೆ ಜೀವ ಹೋಗಿತ್ತು.”

ಮಳೆ ಹೆಂಚಿನ ಮೇಲೆ ಜೋರಾಯಿತು. ತಿಮ್ಮಕ್ಕ ದನಿ ಏರಿಸಿದಳು.

“ಅವತ್ತಿಂದ ಹಿಂದೆ ಉಳಿದೋರ ಪಕ್ಕ ಅವನು ಬತ್ತಾನೆ. ಕೆಟ್ಟೋನಲ್ಲ. ಹೇಳಿದ್ದೆಲ್ಲ ಕೇಳ್ತಾ ನಡೀತಾನೆ, ಈ ಸ್ಕೂಲ್ ಗೇಟ್ ತಂಕ ತಂದು ಬಿಡ್ತಾನೆ. ಹೋಗಾ ಮುಂಚೆ ಒಂದೇ ಮಾತು... ‘ನಾಳೆ ಘಟ್ಟಾನೂ ಜೊತೇಲೆ ಇಳಿಯಾಣಾ?’ ಆಗಾಕಿಲ್ಲ ಅಂದ್ರೆ ಸುಮ್ಕೆ ಹೋಯ್ತಾನೆ. ಹೂಂ ಅಂದೋರು... ಹೂಂ ಅಂದೋರು ಘಟ್ಟದ ಕೆಳಗೆ ಬಂದಿದ್ದು ನಾನಂತೂ ಕಂಡಿಲ್ಲ.”

ಬೊಬ್ಬೆ ಒತ್ತಿಕೊಳ್ಳುತ್ತಿದ್ದ ಪ್ರತಿಮಾಳ ಕೈ ಹಾಗೇ ನಿಂತಿತು. ಕಾಡಿನಲ್ಲಿ ಪಕ್ಕದಿಂದ ಬರುತ್ತಿದ್ದ ಒಣ ಕೊಬ್ಬರಿಯ ವಾಸನೆ ಅವಳಿಗೆ ಹಿತವಾಗಿತ್ತು. ಅಟ್ಟದಿಂದ ಕೊಬ್ಬರಿ ಇಳಿಸಿ ಬಂದ ದಿನ ಇಂದ್ರೇಶನ ಅಂಗಿಯೂ ಅದೇ ವಾಸನೆ ಹೊಡೆಯುತ್ತಿತ್ತು. ಅವನ ಕಾಯಿಲೆ, ಆಸ್ಪತ್ರೆ, ಕೊನೆಯ ದಿನ ಎಲ್ಲವನ್ನೂ ಆ ಜೊತೆಗಾರರ ಹತ್ತಿರ ಹೇಳಿಕೊಂಡಿದ್ದಳು. ಅವನು ಸತ್ತ ಮೇಲೆ ಅಷ್ಟನ್ನೂ ಕೊನೆಯವರೆಗೆ ಕೇಳಿದವರು ಅವರೊಬ್ಬರೇ. ಗೇಟಿನ ಹತ್ತಿರ ಅವರು ಕೇಳಿದ್ದಕ್ಕೆ ಖುಷಿಯಿಂದಲೇ ಹೂಂ ಅಂದಿದ್ದಳು.

ತಂಡದ ಸಾಮಾನಿನ ಟೆಂಪೊ ಓಡಿಸುವ ಸುನಿಲ್ ತಿಮ್ಮಕ್ಕನ ಟಾರ್ಚಿನ ಬೆಳಕಿನಲ್ಲಿ ಅವಳ ಕಾಲು ನೋಡಿದ. “ಪ್ರತಿಮಕ್ಕ, ನೀವು ನಡ್ಕಂಡ್ ಬಂದ್ರಾ? ಬ್ಯಾಗ್ ಇತ್ತಲ್ಲ, ಹಿಂದ್ಗಡೆ ಕೂತಿದ್ದೀರ ಅಂದ್ಕೊಂಡಿದ್ದೆ.”

“ನಾವೂ ಟೆಂಪೊದಲ್ಲಿದ್ದಾರೆ ಅಂತಲೇ...” ಎಂದ ಇನ್ನೊಬ್ಬರು ಮಾತು ನುಂಗಿದರು.

ತಿಮ್ಮಕ್ಕ ಟಾರ್ಚನ್ನು ಅವಳ ಕಡೆ ತಿರುಗಿಸಿದಳು. “ಯಾರ ಜೊತೆ ಬಂದೆ ಮಗಾ?”

“ಒಬ್ಬಳೇ, ಅಜ್ಜಿ.”

ಸುಳ್ಳು ಹೇಳಿದ್ದಕ್ಕೆ ಅವಳಿಗೆ ಭಯವಾಯಿತು. ಆದರೆ ಆ ಜೊತೆಗಾರರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಬೆಳಿಗ್ಗೆ ಟೆಂಪೊ ಹತ್ತು. ನಡೀಬೇಡ.”

“ಹರಕೆ ಅಲ್ವಾ ಅಜ್ಜಿ. ನೀವು ನಡೀರಿ, ನಿಧಾನಕ್ಕೆ ಬರ್ತೀನಿ.”

ತಿಮ್ಮಕ್ಕ ಟಾರ್ಚ್ ಆರಿಸಿ, ಮಳೆಯ ಕಡೆ ಮುಖ ಮಾಡಿ ಕೇಳಿದಳು:

“ಗೇಟ್ ಕಡೆಯಿಂದ ಕೊಬ್ಬರಿ ವಾಸ್ನೆ ಬತ್ತೈತೆ... ನನಗೊಬ್ಬಳಿಗೇನಾ?”