ಅರ್ಧ ಕುದುರೆ

ಅಯ್ಯೋ ನಗಬೇಡ್ರೋ, ಹುಲ್ಲು ತಿನ್ನೋ ಕುದುರೆ ಅಲ್ಲ, ಕೋವಿ ಕುದುರೆ! ನಂಗೂ ಗೊತ್ತಿರ್ಲಿಲ್ಲ, ಅದೇ ಫಜೀತಿ ಆಗಿದ್ದು. ನಿಮ್ಮಜ್ಜ ತೀರ್ಕಂಡ ವರ್ಷ, ಎಲೆಕ್ಷನ್ ಅಂತ ಮನ್ಮನೆ ಕೋವಿ ಎಲ್ಲಾ ಠಾಣೆಲಿ ಇಟ್ಟಿದ್ರು. ಎಲೆಕ್ಷನ್ ಮುಗಿದು ಎಲ್ರದ್ದೂ ವಾಪಸ್ ಬಂತು, ನಮ್ದು ಮಾತ್ರ ಲೈಸೆನ್ಸ್ ನಿಮ್ಮಜ್ಜನ ಹೆಸರಲ್ಲಿ ಅಂತ ಅಲ್ಲೇ. ಇತ್ಲಾಗೆ ಗದ್ದೇಲಿ ತೆನೆ ಹಾಲುಗಟ್ಟಿದೆ, ಕಾಡುಹಂದಿ ಬಂದು ಉತ್ತು ಹಾಕ್ತಾ ಇದಾವೆ. ವರ್ಷದ ಅನ್ನ ಕಣ್ರೋ ಅದು! ಗಾಳಿಗೆ ಒಂದು ಈಡು ಹೊಡೆದ್ರೆ ಸಾಕು, ಓಡ್ತಾವೆ. ಲೈಸೆನ್ಸ್ ನನ್ನ ಹೆಸರಿಗೆ ಆಗ್ಬೇಕು ಅಂದ್ರೆ ನಂಗೆ ಕೋವಿ ಗೊತ್ತು ಅಂತ ಠಾಣೆ ಸಾಹೇಬ್ರು ಬರ್ಕೊಡ್ಬೇಕು. ಅವ್ರು ನಮ್ಮ ಕೋವಿ ಮೇಜಿನ ಮೇಲಿಟ್ಟು ಕೇಳಿದ್ರು, "ಕುದುರೆ ಎಲ್ಲಮ್ಮ?" ನಾನು, "ನಮ್ಮನೇಲಿ ಎಮ್ಮೆ ಮಾತ್ರ ಸ್ವಾಮಿ." ಠಾಣೆಗೆ ಠಾಣೆನೇ ನಕ್ಕಿತು. ಪ್ರತಿ ಆಯುಧಪೂಜೆಗೂ ಆ ಕುದುರೆ ನೆತ್ತಿಗೇ ಕುಂಕುಮ ಇಟ್ಟವಳು ನಾನು, ನೋಡಿ! ಹೆಂಗಸ್ರು ಕುಂಕುಮ ಇಡ್ಬೋದು, ಕೋವಿ ಮುಟ್ಟಬಾರ್ದು, ಹಾಗಿತ್ತು ಆಗ.

ಮಾರನೇ ದಿನ ಶಿರಸಿ ಬಸ್ ಹತ್ತಿದೆ. ಮಂಗಳವಾರ... ಅಲ್ಲ, ಸಂತೆ ಇರ್ಲಿಲ್ಲ, ಯಾವ್ದೋ ವಾರ ಬಿಡಿ. ಅಲ್ಲಿ ಕೋವಿ ರಿಪೇರಿ ಹುಸೇನ್ ಸಾಬ್ರು ಇದ್ರು. ಪುಣ್ಯಾತ್ಮ, ಕೈಲಿದ್ದ ಕೆಲಸ ಬಿಟ್ಟು ಒಂದು ಹಳೇ ಕೇಪಿನ ಕೋವಿ ಬಿಚ್ಚಿಟ್ರು. "ಹೆದ್ರಬೇಡ ಅಕ್ಕಾ. ಈ ಸುತ್ತಿಗೆ ಥರ ಇದ್ಯಲ್ಲ, ಇದೇ ಕುದುರೆ. ಒಳಗೆ ಸ್ಪ್ರಿಂಗ್ ಇದೆ. ಹಿಂದಕ್ಕೆ ಎಳೆದ್ರೆ ಹಲ್ಲಿಗೆ ಸಿಕ್ಕಿ ನಿಲ್ತದೆ. ಟ್ರಿಗರ್ ಎಳೆದ್ರೆ ಹಲ್ಲು ಬಿಡ್ತದೆ, ಕುದುರೆ ಕೇಪಿನ ಮೇಲೆ ಬೀಳ್ತದೆ, ಟಕ್! ಕೇಪು ಅಂದ್ರೆ ಪೆಟ್ಟು ಬಿದ್ರೆ ಸಿಡಿಯೋ ಪುಟ್ಟ ಟೋಪಿ. ಕೇಪಿನ ಕಿಡಿ ತೂತಲ್ಲಿ ಹೋಗಿ ಮದ್ದಿಗೆ ತಾಗ್ತದೆ. ಮದ್ದು ಹೊಗೆಯಾಗಿ ಹಿಗ್ತದೆ. ನಳಿಗೆಗೆ ಹಿಂದೆ ಬಾಗಿಲಿಲ್ಲ, ಮುಂದೆ ಮಾತ್ರ ಇದೆ. ಚರೆ ಗುಂಡು ದೂಡ್ಕೊಂಡು ಹೋಗ್ತದೆ, ಅಷ್ಟೇ." ಆಮೇಲೆ ದನಿ ಇಳಿಸಿ, "ನಡುವೆ ಇನ್ನೊಂದು ಹಲ್ಲಿದೆ, ಅರ್ಧ ಕುದುರೆ. ಅಲ್ಲಿ ನಿಲ್ಸಿದ್ರೆ ಟ್ರಿಗರ್ ಎಳೆದ್ರೂ ಬೀಳಬಾರ್ದು. ಬಿತ್ತು ಅಂದ್ರೆ ಆ ಕೋವಿ ಮನೆಗೆ ತರ್ಬೇಡ." ದಾರಿಯುದ್ದಕ್ಕೂ ಅದನ್ನೇ ಜಪ ಮಾಡ್ತಾ ಬಂದೆ.

ಠಾಣೆಲಿ ಎಲ್ಲಾ ಪಟಪಟ ಹೇಳಿದೆ. ಸಾಹೇಬ್ರು ಪೆನ್ನು ತೆಗೆದ್ರು. ನಂಗೆ ಮಾತ್ರ ಸಾಬ್ರ ಮಾತು ತಲೇಲಿ. ನಮ್ಮ ಕೋವಿ ಎತ್ಕಂಡು ಕೇಪಿಲ್ಲ, ಮದ್ದಿಲ್ಲ ಅಂತ ನೋಡ್ಕಂಡೆ, ಮೂತಿ ನೆಲಕ್ಕೆ ಮಾಡ್ದೆ, ಅರ್ಧ ಕುದುರೆಲಿ ನಿಲ್ಸಿ ಟ್ರಿಗರ್ ಎಳೆದೆ. ಟಕ್! ಬಿದ್ದೇಬಿಡ್ತು ಕಣ್ರೋ! ಹಲ್ಲು ಸವೆದು ಹೋಗಿತ್ತು. ನಿಮ್ಮಜ್ಜ ಮದ್ದು ತುಂಬಿ, ಅರ್ಧ ಕುದುರೆಲಿ, ಮೂತಿ ಕೆಳಗೆ ಮಾಡಿ ನಡುಮನೆ ಗೋಡೆಗೆ ತೂಗಿಡ್ತಿದ್ದದ್ದು. ಕೆಳಗೇ ನಿಮ್ಮಮ್ಮನ ಹಾಸಿಗೆ! ನಾನು ಸುಮ್ನಿದ್ರೆ ಅವತ್ತೇ ಕೋವಿ ಸಿಗ್ತಿತ್ತು, ಗದ್ದೆ ಉಳೀತಿತ್ತು. "ಈ ಕೋವಿ ರಿಪೇರಿ ಆಗೋ ತನಕ ನಂಗೆ ಬೇಡ ಸ್ವಾಮಿ" ಅಂದೆ. ಸಾಹೇಬ್ರು ಈ ಸಲ ನಗಲಿಲ್ಲ. "ನಿಂಗೆ ಕೋವಿ ಗೊತ್ತಮ್ಮ" ಅಂತ ಬರ್ಕೊಟ್ರು. ಸಾಬ್ರು ಹಲ್ಲು ಕೂರ್ಸಿ ಕೊಡೋ ಅಷ್ಟರಲ್ಲಿ ಕೆಳಗಿನ ಗದ್ದೆ ಹಂದಿ ಪಾಲು. ಹೋಗ್ಲಿ ಬಿಡಿ, ತಿನ್ಲಿ, ಹಂದಿ ಬರ್ದಿದ್ರೆ ನಾನು ಆ ಕೋವಿ ಮುಟ್ಟಿ ನೋಡ್ತಾನೇ ಇರ್ಲಿಲ್ಲ; ಅವುಕ್ಕೂ ಸಾಬ್ರಿಗೂ ನಾನು ಸಾಯೋತನಕ ಕೈ ಮುಗೀತೀನಿ, ನಿಮ್ಮಮ್ಮ ಉಳಿದ್ಲು, ನೀವು ಹುಟ್ಟಿದ್ರಿ. ಮನೇಲಿರೋ ಸಾಮಾನಿಗೆ ಕುಂಕುಮ ಇಟ್ರೆ ಸಾಲ್ದು ಮಕ್ಳೇ, ಅದ್ರ ಹೊಟ್ಟೇಲಿ ಎಂತ ಇದೆ ಅಂತ ಒಂದ್ಸಲ ಕೇಳ್ಕಳಿ. ಏಳಿ, ಗಂಜಿ ಆರ್ತಾ ಇದೆ.